ಆಯಿ ಕರೆದಾಗ

ಅವ್ವಾ,

ಕೊರೊನಾದಿಂದ ಶಾಲೆ ಮುಚ್ಚಿ ವರ್ಷವಾಯಿತು. ಮೊಬೈಲಿನಲ್ಲೇ ಪಾಠ ಮಾಡಿ ಮಾಡಿ ಗಂಟಲು ಕಟ್ಟಿದೆ, ಮಕ್ಕಳ ಮುಖವೇ ಮರೆತುಹೋಗಿದೆ. ಇವತ್ತು ಏಳನೆಯ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದಾಗ ಉಗರಗೋಳದ ಸಂಘಮಿತ್ರಾಳ ಮನೆಯೊಳಗಿಂದ ಯಾರೋ ಮುದುಕಿ ನರಳುವುದು ಕೇಳಿಸಿತು.

"ಟೀಚರ್, ನಮ್ಮ ಆಯಿ ನೀರ ಕೇಳಾಕತ್ತಾಳ್ರಿ. ಹೋಗ್ಲೇನ್ರಿ?" ಎಂದಳು.

"ಓಡವ್ವಾ! ಎಲ್ಲಾರೂ ಹೋಗ್ರಿ!" ಎಂದು ಚೀರಿ ಕ್ಲಾಸನ್ನೇ ಬಂದ್ ಮಾಡಿದೆ.

ಹೆಡ್‌ಮಾಸ್ತರರು ಫೋನ್ ಮಾಡಿ, "ಇನ್ನೂ ಅರ್ಧ ತಾಸು ಐತಲ್ರಿ ಮೇಡಂ?" ಎಂದರು.

"ನನ್ನ ಕೈಲೆ ಆಗೂದಿಲ್ರಿ ಸರ್" ಎಂದು ಅತ್ತುಬಿಟ್ಟೆ. ಕಾರಣ ಕೇಳಿದರು. ಫೋನ್ ಇಟ್ಟುಬಿಟ್ಟೆ.

ಹೋದ ತಿಂಗಳು ನೀನು ಜ್ವರದಲ್ಲಿ ಮಲಗಿ ನನ್ನನ್ನು ಕರೆದಾಗಲೂ ಕ್ಲಾಸ್ ನಡೆದಿತ್ತು. "ಸ್ವಲ್ಪ ಸುಮ್ನಿರ ಬೇ ಯವ್ವಾ" ಎಂದು ಬಾಗಿಲು ಹಾಕಿಕೊಂಡಿದ್ದೆ.

ಆಮೇಲೆ, ಉಸಿರು ನಿಲ್ಲುವವರೆಗೂ ನೀನು ಕರೆಯಲೇ ಇಲ್ಲ.

ಅನ್ನಪೂರ್ಣಾ