ಗಣಗಣ ಎಂದ ಬಾವಿಗೆ ‘ಅತ್ಯುತ್ತಮ’ ಪತ್ರ

ಬಾವಿಗಳ ಸುರಕ್ಷತೆಗೆ ಹೊಣೆಯಾದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಅಕ್ಕನ ಮನೆಯ ಹಿಂದೆ, ಅರವತ್ತು ಹೆಜ್ಜೆ ದೂರದಲ್ಲಿ, ನೆಲದಾಳದಿಂದ ಅನಿಲ ತೆಗೆಯುವ ಬಾವಿಯೊಂದಿದೆ. ಅದು ಸೋರುತ್ತಿದೆ. ತಾವು ಅದಕ್ಕೆ ‘ಅತ್ಯುತ್ತಮ’ ಎಂದು ಬರೆದು ಮೊಹರು ಒತ್ತಿದ್ದೀರಿ. ಮೊಹರಿನ ಶಾಯಿಗೆ ಅನಿಲ ತಡೆಯುವ ಶಕ್ತಿಯಿದ್ದಿದ್ದರೆ ನಾನೇಕೆ ಈ ಕಾಗದ ಬರೆಯುತ್ತಿದ್ದೆ?

ಈ ಬಹಿರಂಗ ಪತ್ರ ಓದುವ ಮಹಾಜನರಿಗಾಗಿ ಒಂದು ಮಾತು. ಇಂಥ ಬಾವಿಗೆ ಉಕ್ಕಿನ ಕೊಳವೆ ಇಳಿಸಿ, ಕೊಳವೆಗೂ ಬಂಡೆಗೂ ನಡುವಿನ ಸಂದಿಗೆ ಸಿಮೆಂಟು ತುಂಬುತ್ತಾರೆ. ಆ ಸಿಮೆಂಟೇ ದ್ವಾರಪಾಲಕ. ಅವನು ತೂಕಡಿಸಿದರೆ ಪಾತಾಳದ ಅನಿಲ ಸಂದಿ ಹಿಡಿದು ಮೇಲೆದ್ದು ಬರುತ್ತದೆ! ನಮ್ಮ ಭಾವ ಮೂವತ್ತು ವರ್ಷ ಆ ಸಿಮೆಂಟು ಕಲಸಿ ಒತ್ತಿದವರು. ಈ ಬಾವಿಯ ಕೆಲಸದ ದಿನವೇ ತಮ್ಮ ಕಚೇರಿಗೆ ಹೋಗಿ ಹೇಳಿದರು: “ಸಾರ್, ಈ ಬಾವಿ ಬಿಸಿಗೆ ಕಾಯುತ್ತೆ, ಆರುತ್ತೆ, ಮತ್ತೆ ಕಾಯುತ್ತೆ. ಮಾಮೂಲಿ ಸಿಮೆಂಟು ಸೀಳುತ್ತೆ. ಬಾಗೋ ಸಿಮೆಂಟು ಬಂದಿದೆ, ಬಿರುಕು ಬಿಟ್ರೂ ತಾನೇ ಊದಿ ಮುಚ್ಕೊಳ್ಳುತ್ತೆ. ಅದನ್ನ ಹಾಕ್ಸಿ.”

“ಬಾಗೋಕೆ ಅದೇನು ಸರ್ಕಸ್ಸಿನವಳೇನ್ರೀ?” ಎಂದಿರಂತೆ ತಾವು. ಕೋಣೆಗೆ ಕೋಣೆಯೇ ನಕ್ಕಿತಂತೆ. ಭಾವ ತಾವು ಹೇಳಿದ ಮಾಮೂಲಿ ಸಿಮೆಂಟನ್ನೇ ಒತ್ತಿ ಮನೆಗೆ ಬಂದರು.

ಆಮೇಲೆ ಪರೀಕ್ಷೆ. ಕೊಳವೆಯೊಳಗೆ ಸದ್ದು ಮಾಡುವ ಯಂತ್ರ ಇಳಿಸುತ್ತಾರೆ. ಸಿಮೆಂಟು ಬಿಗಿಯಾಗಿ ಅಪ್ಪಿದ್ದರೆ ಕೊಳವೆ ಮೂಕ, ಕೈಬಿಟ್ಟಿದ್ದರೆ ಗಣಗಣ. ತಮ್ಮ ವರದಿಯಲ್ಲಿದೆ: ‘ಸದ್ದಿನ ಮಟ್ಟ ಬಹಳ ಹೆಚ್ಚು.’ ಪಕ್ಕದಲ್ಲೇ ತಮ್ಮ ಅಮೃತಹಸ್ತ: ‘ಆದ್ದರಿಂದ ಅತ್ಯುತ್ತಮ.’ ಅಯ್ಯೋ ಪ್ರಭುವೇ! ಅದನ್ನು ಶಾಲೆಯ ಅಂಕವೆಂದುಕೊಂಡಿರಾ? ಖಾಲಿ ಡಬ್ಬಕ್ಕೆ ಸದ್ದು ಜಾಸ್ತಿ ಎಂದು ಬಾಲ್ಯದಲ್ಲಿ ತಮಗೆ ಯಾರೂ ಹೇಳಲಿಲ್ಲವೇ?

ಹೋದ ತಿಂಗಳಿಂದ ಅಕ್ಕನ ಬಚ್ಚಲ ನೀರು ಗುಳುಗುಳು ಎನ್ನುತ್ತಿದೆ. ಭಾವ ಅನಿಲ ಅಳೆಯುವ ಯಂತ್ರ ಹಿಡಿದರು, ಅದು ಚೀರಿತು. ದೂರು ಕೊಟ್ಟೆವು. ಉತ್ತರವಾಗಿ ಅದೇ ‘ಅತ್ಯುತ್ತಮ’ದ ನಕಲು ಬಂತು. ಅಕ್ಕ ಒಲೆ ಹೊತ್ತಿಸುವುದನ್ನೇ ಬಿಟ್ಟಿದ್ದಾಳೆ. ಆದರೆ ಆ ಬೀದಿಯ ಇನ್ನುಳಿದ ಹನ್ನೊಂದು ಮನೆಗಳು ತಮ್ಮ ಪತ್ರವನ್ನು ನಂಬಿವೆ, ಸ್ವಾಮಿ! ಭಾವ ಬಾಗಿಲು ತಟ್ಟಿ ಕಿಟಕಿ ತೆಗೆಸಿದರೆ, “ಸಾಹೇಬ್ರೇ ಬರ್ಕೊಟ್ಟಿದ್ದಾರೆ, ನಿಮ್ದೊಂದು ಗೋಳು” ಎಂದು ಅವರನ್ನೇ ಗದರುತ್ತಾರೆ.

“ನಮ್ಮನೆಗೆ ಬನ್ನಿ ಭಾವ” ಎಂದೆ.

“ಒತ್ತಿದ ಕೈ ನಂದು ಕಣಯ್ಯಾ. ಇವರನ್ನೆಲ್ಲ ಬಿಟ್ಟು ನಾನೊಬ್ಬ ಹೆಂಗೆ ಹೊರಡ್ಲಿ?” ಎಂದರು. ಅವರನ್ನು ಬಿಟ್ಟು ಅಕ್ಕ ಬರುವುದಿಲ್ಲ.

ಆದ್ದರಿಂದ ಕೇಳುತ್ತೇನೆ. ಮೊದಲು ಆ ಒಂದು ಪದವನ್ನು ತಮ್ಮ ಕೈಯಾರೆ ಹೊಡೆದುಹಾಕಿ, ಬೀದಿಗೆ ಬಂದು ಜನರಿಗೆ ಹೇಳಿ. ಅವರೆಲ್ಲರನ್ನೂ ಇವತ್ತೇ ಬೇರೆಡೆಗೆ ಸಾಗಿಸಿ. ಕೊಳವೆಗೆ ರಂಧ್ರ ಕೊರೆದು, ಆ ಸಂದಿಗೆ ಬಾಗುವ ಸಿಮೆಂಟು ಒತ್ತಿಸಿ. ಒತ್ತಲು ನಮ್ಮ ಭಾವ ಸಿದ್ಧ.

ಇಷ್ಟು ಬರೆದು ಅಕ್ಕನಿಗೆ ಓದಿ ಹೇಳಿದೆ. “ಬೈಬೇಡ ಕಣೋ, ಅವರು ಬರಬೇಕಲ್ಲ” ಎಂದಳು. ಹಾಗಾದರೆ ಬೈದದ್ದೆಲ್ಲ ವಾಪಸು ತೆಗೆದುಕೊಂಡೆ. ಬನ್ನಿ.

ಇಂತಿ,
ಗಂಟಲೊಂದೇ ಆಸ್ತಿಯಾಗಿರುವ,
ಆ ಅಕ್ಕನ ತಮ್ಮ