ಬಾವು ಇದ್ದರೆ ಮಾತ್ರ ಕರೆತರುವುದು

ಇಂಡಿ
೨೨ ಜುಲೈ ೧೯೭೮

ಪುಣೆಯಲ್ಲಿ ಮೂತ್ರಪಿಂಡದ ಮಹಾಪಂಡಿತರಾಗಿ ಮೆರೆಯುತ್ತಿರುವ ಡಾಕ್ಟರ್ ಬಸಂತರಾಯರಿಗೆ,

ಇಂಡಿಯ ಕನ್ಯಾ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಹೊಟ್ಟೆ ಹೊರೆಯುವ, ಊರವರು ಇನ್ನೂ ನಿಮ್ಮ ಹೆಂಡತಿ ಎಂದೇ ಕರೆಯುವ ಬಾಳಮ್ಮ ಬರೆಯುವುದು.

ಇಲ್ಲಿ ನಾನೂ ನಿಮ್ಮ ತಂಗಿ ಶಂಕ್ರೆವ್ವನೂ ಕ್ಷೇಮ. ನಾವು ಕ್ಷೇಮವಾಗಿರುವುದೇ ನಿಮಗೆ ಅಡಚಣೆಯಾಗಿದೆ ಎಂದು ನಿಮ್ಮ ಪತ್ರದಿಂದ ತಿಳಿಯಿತು.

ಪತ್ರ ಕಳೆದ ಸಂತೆಯ ದಿನ ಬಂತು. ಪುಣೆಗೆ ಹೋದ ಈ ಒಂಬತ್ತು ವರ್ಷದಲ್ಲಿ ನೀವು ಬರೆದದ್ದರಲ್ಲಿ ಎರಡು ಪುಟ ದಾಟಿದ್ದು ಇದೊಂದೇ. ಲಕೋಟೆಯ ದಪ್ಪ ನೋಡಿ, ಪುಣ್ಯಾತ್ಮನ ಮನಸ್ಸು ಕರಗಿರಬೇಕು ಎಂದು ಹುಚ್ಚಿಯ ಹಾಗೆ ಖುಷಿಪಟ್ಟೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಹುಚ್ಚು ಬಿಟ್ಟಿತು.

ಆಗಸ್ಟ್ ಎರಡನೆಯ ವಾರ ಪುಣೆಯಲ್ಲಿ ದೊಡ್ಡ ದೊಡ್ಡ ಡಾಕ್ಟರರ ಸಭೆಯಂತೆ. ಪರದೇಶದವರೂ ಬರುತ್ತಾರಂತೆ. ಅವರೆದುರು ಶಂಕ್ರೆವ್ವನನ್ನು ನಿಲ್ಲಿಸಿ, ಮೂತ್ರಪಿಂಡದ ಈ ರೋಗದಲ್ಲಿ ಇಂಥ ಅಪರೂಪದ ತೊಡಕೂ ಬರುತ್ತದೆ ನೋಡಿ ಎಂದು ನೀವು ಭಾಷಣ ಮಾಡಬೇಕು. ಆದರೆ ಏನು ಮಾಡುವುದು, ಹಾಳಾದ ಗುಳಿಗೆಗಳಿಂದ ಅವಳಿಗೆ ವಾಸಿಯಾಗಿಬಿಟ್ಟಿದೆ! ವಾಸಿಯಾದವಳನ್ನು ಯಾರು ನೋಡುತ್ತಾರೆ? ಅದಕ್ಕೆ ಈಗಿನಿಂದಲೇ ಗುಳಿಗೆ ನಿಲ್ಲಿಸಬೇಕು, ಕೈಕಾಲು ಮತ್ತೆ ಬಾತುಕೊಳ್ಳಬೇಕು. ಕೊನೆಯ ಸಾಲು ನಿಮ್ಮದೇ: "ಬಾವು ಇದ್ದರೆ ಮಾತ್ರ ಕರೆತರುವುದು, ಇಲ್ಲವಾದರೆ ಪ್ರಯಾಣ ವ್ಯರ್ಥ."

ಭಲೇ ಡಾಕ್ಟರ ಸಾಹೇಬರೇ! ಬೀಗರಿಗೆ ತೋರಿಸಲು ಹುಡುಗಿಗೆ ಅರಿಷಿಣ ಹಚ್ಚುವುದನ್ನು ಕಂಡಿದ್ದೆ. ತೋರಿಸುವುದಕ್ಕೆಂದು ರೋಗ ತರಿಸುವುದನ್ನು ಮಾತ್ರ ನಿಮ್ಮಿಂದಲೇ ಕಲಿಯಬೇಕಾಯಿತು.

ಆದರೂ ನಾನು ಅಷ್ಟು ಓದಿದವಳಲ್ಲ, ತಪ್ಪು ತಿಳಿದಿರಬಹುದು ಎಂದು ನಮ್ಮ ಓಣಿಯ ಡಾಕ್ಟರ್ ಅಬ್ದುಲರಜಾಕರಿಗೆ ಪತ್ರ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. "ಅಕ್ಕೋರ, ಒಮ್ಮೆಲೆ ಬಿಟ್ರ ಬಾವು ಅಷ್ಟ ಬರಂಗಿಲ್ರಿ. ರಕ್ತ ಮತ್ತ ಹೆಪ್ಪುಗಟ್ಟತೈತಿ. ಆ ಹೆಪ್ಪು ಕಿತ್ತು ಎದಿಗೆ ಏರ್ತಂದ್ರ ನನ್ನ ಕೈಯಾಗೂ ಏನಿಲ್ಲ, ಅವರ ಕೈಯಾಗೂ ಏನಿಲ್ಲ" ಎಂದರು. ಇದು ನಿಮಗೆ ಗೊತ್ತಿಲ್ಲದ ಮಾತಲ್ಲ. ಇಂಥ ರೋಗಿಗಳು ಕುಳಿತಲ್ಲೇ ಸಾಯುವುದುಂಟು ಎಂದು ನೀವೇ ನಿಮ್ಮ ಲೇಖನದಲ್ಲಿ ಅಚ್ಚು ಹಾಕಿಸಿದ್ದೀರಿ.

ಆ ಲೇಖನ! ಹೋದ ವರ್ಷ ಅಭಿಮಾನದಿಂದ ಕಳಿಸಿಕೊಟ್ಟಿದ್ದಿರಲ್ಲ. ನಮ್ಮ ಹೆಡ್‌ಮಾಸ್ತರರ ಹತ್ತಿರ ಕುಳಿತು ಇಂಗ್ಲಿಷಿನ ಸಾಲು ಸಾಲಿಗೂ ಅರ್ಥ ಹೇಳಿಸಿಕೊಂಡೆ. ಶಂಕ್ರೆವ್ವನ ಚಿತ್ರ ಹಾಕಿ ಕಣ್ಣಿನ ಮೇಲೆ ಕರಿ ಪಟ್ಟಿ ಬಳಿದಿದ್ದೀರಿ. ಕೆಳಗೆ "ಗ್ರಾಮೀಣ ಸ್ತ್ರೀ, ಮೂವತ್ತು ವರ್ಷ" ಎಂದಿದೆ. ಕೊನೆಯಲ್ಲಿ ಪ್ರೊಫೆಸರರಿಗೆ, ಎಕ್ಸ್‌ರೇ ತೆಗೆದವರಿಗೆ, ಟೈಪು ಮಾಡಿದವರಿಗೆಲ್ಲ ಉಪಕಾರ ಸ್ಮರಣೆ ಮಾಡಿದ್ದೀರಿ. ಆ ಗ್ರಾಮೀಣ ಸ್ತ್ರೀಗೆ ಒಬ್ಬ ಅಣ್ಣನಿದ್ದಾನೆ, ಅವನೇ ಇದನ್ನು ಬರೆಯುತ್ತಿದ್ದಾನೆ ಎಂಬುದು ಎಲ್ಲಿಯೂ ಸಿಗಲಿಲ್ಲ. ನಾಚಿಕೆಯಾಯಿತೇನೋ. ಆಗಿದ್ದರೆ ಒಳ್ಳೆಯದೇ.

ನಿಮಗೆ ಮರೆತಿರಬಹುದು, ನಾನು ಮರೆತಿಲ್ಲ. ಮೂರು ವರ್ಷದ ಹಿಂದೆ ಅವಳ ಮುಖ, ಕಾಲು ಬಾತುಕೊಂಡಾಗ ಮುದ್ದೇಬಿಹಾಳದ ಅವಳ ಅತ್ತೆ "ಈ ರೋಗಿಷ್ಟೀನ್ನ ಇಟಗೊಂಡು ನಾವೇನ ಮಾಡೂನು" ಎಂದು ಒಂದು ಗಂಟು ಬಟ್ಟೆ ಕೊಟ್ಟು ಬಸ್ಸು ಹತ್ತಿಸಿದಳು. ಅವಳು ಬಂದದ್ದು ನನ್ನ ಬಾಗಿಲಿಗೆ. ನಾನು ನಿಮಗೆ ಪತ್ರದ ಮೇಲೆ ಪತ್ರ ಬರೆದೆ. "ಉಪ್ಪು ಬಿಡಿಸು" ಎಂದು ಒಂದು ಕಾರ್ಡು ಬಂತು. ಪಾಪ, ಶಂಕ್ರೆವ್ವ ಉಪ್ಪು ಬಿಟ್ಟಳು. ನಾನು ಉಪ್ಪು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವಾಗ ಗೋಡೆಯ ಕಡೆ ಮುಖ ಮಾಡಿ ಸಪ್ಪೆ ರೊಟ್ಟಿ ನುಂಗುತ್ತಿದ್ದಳು. ಆಮೇಲೆ ನಾನೂ ಹಿಂಡಿ ಬಿಟ್ಟೆ, ಅದು ಬೇರೆ ಮಾತು.

ಒಂದು ದಿನ ಪಕ್ಕೆ ಹಿಡಿದುಕೊಂಡು ನೆಲಕ್ಕೆ ಬಿದ್ದು ಹೊರಳಾಡಿದಳು. ಮೂತ್ರದಲ್ಲಿ ರಕ್ತ ಹೋಯಿತು. ಮೂತ್ರಪಿಂಡದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದಂತಿದೆ, ಇದು ಬಲು ಅಪರೂಪ ಎಂದು ಅಬ್ದುಲರಜಾಕರು ನಿಮಗೆ ತಾರು ಕೊಟ್ಟರು. ಶಿವನೇ, ಏನು ಅವಸರ! ಮರುದಿನವೇ ಬಾಡಿಗೆ ಕಾರು ಮಾಡಿಕೊಂಡು ಬಾಗಿಲಿಗೆ ಬಂದಿರಿ. ಬಾವು ಬಂದಾಗ ತಂಗಿಗೆ ಕಾರ್ಡು ಸಾಕಾಗಿತ್ತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ನಾಳಕ್ಕೆ ಔಷಧ ಚುಚ್ಚಿ ಎಕ್ಸ್‌ರೇ ತೆಗೆಸಿದಿರಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು "ಬಾಳಾ, ಎಷ್ಟ ಛಂದ ಬಂದೈತಿ ನೋಡ" ಎಂದಿರಿ. ಶಂಕ್ರೆವ್ವ ಉಳಿಯುತ್ತಾಳೇನ್ರಿ ಎಂದು ನಾನು ಕೇಳಿದೆ. "ನಮ್ಮ ಕಡೆ ಇಂಥಾದ್ದು ಇನ್ನೂ ಯಾರೂ ತೋರಿಸಿಲ್ಲ" ಎಂದು ನೀವು ಉತ್ತರ ಕೊಟ್ಟಿರಿ. ಆ ಹೊತ್ತಿನಲ್ಲಿ ನಿಮ್ಮ ಮುಖದ ಮೇಲಿದ್ದ ಸಂತೋಷವನ್ನು ನಮ್ಮ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಥೂ, ಈಗ ನೆನೆದರೂ ಮೈ ಉರಿಯುತ್ತದೆ.

ಅವಳನ್ನು ಬದುಕಿಸಿದವರು ನೀವೇ, ಇಲ್ಲವೆನ್ನುವುದಿಲ್ಲ. ಬಾವು ಇಳಿಯಲು ಒಂದು, ರಕ್ತ ಹೆಪ್ಪುಗಟ್ಟದ ಹಾಗೆ ಇನ್ನೊಂದು ಗುಳಿಗೆ ಬರೆದುಕೊಟ್ಟವರೂ ನೀವೇ. ಅದೇ ಕೈ ಈಗ ಬೇಡ ಎಂದು ಬರೆಯುತ್ತದಲ್ಲ, ಅದಕ್ಕೇ ಹೇಸಿಗೆ.

ಈಗ ಅವಳು ಸಪ್ಪೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡು ಎರಡು ರೊಟ್ಟಿ ತಿನ್ನುತ್ತಾಳೆ. ಗುಳಿಗೆಯಿಂದ ಮುಖ ಗುಂಡಗಾಗಿದೆ. ಓಣಿಯ ಚಂದವ್ವ "ನಾದಿನಿನ್ನ ಛಲೋ ಮೇಯಿಸಿರಿ ಬಿಡ್ರಿ ಅಕ್ಕೋರ" ಎಂದು ನಗಾಡುತ್ತಾಳೆ. ನಾನು ದಿನಾ ಬೆಳಿಗ್ಗೆ ಗುಳಿಗೆ ಅವಳ ಅಂಗೈಗೆ ಹಾಕಿ, ನೀರು ಕೊಟ್ಟು ಶಾಲೆಗೆ ಹೋಗುತ್ತೇನೆ. ನಿಮ್ಮ ಸಂಶೋಧನೆಯ ಮಾತು ನನಗೆ ತಿಳಿಯದು. ನನ್ನ ಸಂಶೋಧನೆ ಇಷ್ಟೇ, ಆ ಜೀವ ನಗುತ್ತ ಇದೆ.

ಇನ್ನು ನನಗೆ ಕೊಟ್ಟ ಆಮಂತ್ರಣದ ವಿಷಯ. ರೋಗಿಯ ಜೊತೆ ಬರುವ ಒಬ್ಬರಿಗೆ ಸಭೆಯವರೇ ರೈಲು ಚಾರ್ಜು ಕೊಡುತ್ತಾರೆ, ನೀನೂ ಬರಬಹುದು ಎಂದಿದ್ದೀರಿ. ಒಂಬತ್ತು ವರ್ಷದಿಂದ ಕೋಣೆ ಸಣ್ಣದು, ಆಮೇಲೆ ಕರೆಸುತ್ತೇನೆ ಎನ್ನುತ್ತಿದ್ದವರು ಕಡೆಗೂ ಕರೆಸಿದಿರಿ, ರೋಗಿಯ ಜೊತೆಗಾರ್ತಿ ಎಂದು. ಬಹಳ ದೊಡ್ಡ ಮನಸ್ಸು. ಅದನ್ನು ನೀವೇ ಇಟ್ಟುಕೊಳ್ಳಿ.

ನಿಮ್ಮ ಪತ್ರವನ್ನು ಶಂಕ್ರೆವ್ವನಿಗೆ ಪೂರ್ತಿ ಓದಿ ಹೇಳಿದೆ. ಸುಮ್ಮನೆ ಓದಲಿಲ್ಲ, ಮೂಗಿನಲ್ಲಿ ಮಾತಾಡುವ ನಿಮ್ಮ ದನಿ ತೆಗೆದು, ನಿಮ್ಮ ಹಾಗೆಯೇ ಗಂಟಲು ಕೆರೆದುಕೊಂಡು ಓದಿದೆ. ಬಾವಿನ ಸಾಲನ್ನಂತೂ ಎರಡು ಸಲ ಓದಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮೈ ಕುಲುಕಿಸಿ ನಕ್ಕಳು. ಅಣ್ಣನ ಬಗ್ಗೆ ಅವಳಿಗಿದ್ದ ಭ್ರಮೆ ಆ ನಗೆಯಲ್ಲಿ ಹೋಯಿತು ಎಂದು ನನಗೆ ಸಮಾಧಾನವಾಯಿತು.

ಹಾಗಾಗಿ ನಮ್ಮಿಬ್ಬರ ಉತ್ತರ ಒಂದೇ. ಗುಳಿಗೆ ನಿಲ್ಲಿಸುವುದಿಲ್ಲ. ಅವಳು ಬರುವುದಿಲ್ಲ. ಪರದೇಶದವರಿಗೆ ತೋರಿಸಲು ಬೇರೆ ಯಾರ ತಂಗಿಯಾದರೂ ಇದ್ದರೆ ನೋಡಿಕೊಳ್ಳಿ. ಇದು ಬಾಳಮ್ಮನ ಹಟ ಎಂದು ನೀವು ಹೇಳಿಕೊಂಡು ತಿರುಗಬಾರದು, ಅದಕ್ಕೆ ನನ್ನ ಸಹಿಯ ಕೆಳಗೆ ಅವಳ ಹೆಬ್ಬೆಟ್ಟನ್ನೂ ಒತ್ತಿಸುತ್ತಿದ್ದೇನೆ.

ನಿಮ್ಮ ಯಾವ ಸಭೆಗೂ ಬೇಡವಾದ,
ಬಾಳಮ್ಮ

ತಾ.ಕ.: ಮೇಲೆ ಹೆಬ್ಬೆಟ್ಟು ಕಾಣುವುದಿಲ್ಲ. ಒತ್ತಿಸಲೆಂದು ಅವಳ ಮಣಿಕಟ್ಟು ಹಿಡಿದೆ. ನನ್ನ ಬೆರಳು ಒಳಗೆ ಇಳಿಯಿತು. ಕೈ ಬಿಟ್ಟರೂ ಕುಳಿ ತುಂಬಲಿಲ್ಲ. ಸೀರೆ ಸರಿಸಿ ನೋಡಿದರೆ ಮೊಣಕಾಲಿನ ತನಕ ಬಾವು. ಪತ್ರ ಓದಿದ ಮರುದಿನದಿಂದ ಒಂದು ಗುಳಿಗೆಯನ್ನೂ ನುಂಗಿಲ್ಲ. ನಾನು ಶಾಲೆಯ ಹಾದಿ ಹಿಡಿದೊಡನೆ ಹಿತ್ತಲಿನಲ್ಲಿ ಉಗುಳಿದ್ದಾಳೆ.

ಯಾಕೆ ಹೀಗೆ ಮಾಡಿದೆ ಎಂದು ಚೀರಿದೆ. "ನಾಗರ ಪಂಚಮಿ ಬಂತಲ್ರಿ ವೈನಿ, ಎಲ್ಲಾರ ಅಣ್ಣಂದಿರೂ ತಂಗಿನ್ನ ತವರಿಗೆ ಕರೀಲಿಕ್ಕ ಬರ್ತಾರ. ಮದುವಿ ಆದಾಗಿಂದ ಅಣ್ಣ ಒಮ್ಮೆನೂ ಕರೀಲಿಕ್ಕ ಬಂದಿಲ್ಲ. ಈಗ ಪಂಚಮಿಗೆ ಸರಿಯಾಗಿ ಕರದಾನ. ಬಾವು ಇದ್ರನ ಬಾ ಅಂದಾನಲ್ರಿ, ಬಾವಿಲ್ಲದ ತಂಗಿನ್ನ ತಗೊಂಡು ಅಂವ ಏನ ಮಾಡ್ಯಾನು?" ಎಂದಳು. ಆ ದಿನ ಸೆರಗಿನೊಳಗೆ ಅವಳು ನಕ್ಕಿರಲಿಲ್ಲ, ಖುಷಿಗೆ ಅತ್ತಿದ್ದಳು. ನಿಮ್ಮನ್ನು ಅಣಕಿಸುವ ಸಡಗರದಲ್ಲಿ ನಾನು ಅವಳ ಮುಖ ನೋಡಲಿಲ್ಲ.

ಅಬ್ದುಲರಜಾಕರು ಬಂದು ನೋಡಿದರು. ಗುಳಿಗೆ ಮತ್ತೆ ಶುರು ಮಾಡಿದ್ದಾರೆ, ಆದರೆ ಅವಳು ಕುಳಿತಲ್ಲೇ ಏದುಸಿರು ಬಿಡುತ್ತಿದ್ದಾಳೆ. ಬೆಳಗಿನ ಗಾಡಿಗೆ ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಇಷ್ಟೆಲ್ಲ ತಾರಿನಲ್ಲಿ ಹೇಳಲಾಗದು, ಅದಕ್ಕೆ ಅಬ್ದುಲರಜಾಕರ ತಮ್ಮ ಅಲ್ಲಿಂದ ಪುಣೆಗೆ ಬಂದು ಈ ಪತ್ರವನ್ನು ನಿಮ್ಮ ಕೈಗೇ ಕೊಡುತ್ತಾನೆ. ಶಂಕ್ರೆವ್ವ ಮಾತ್ರ ಪುಣೆಗೇ ಹೊರಟಿದ್ದೇವೆ ಎಂದುಕೊಂಡಿದ್ದಾಳೆ. ಅಣ್ಣನ ಮನೆಗೆ ಬರಿಗೈಲಿ ಹೋಗಬಾರದೆಂದು ನನ್ನಿಂದ ಎಳ್ಳುಂಡೆ ಕಟ್ಟಿಸಿದ್ದಾಳೆ.

ಓದಿದ ಕೂಡಲೇ ಹೊರಡಿ. ಯಾರನ್ನೂ ಜೊತೆಗೆ ಕರೆತರಬೇಡಿ, ಫೋಟೋ ತೆಗೆಯಬೇಡಿ. ಅವಳ ಹಾಸಿಗೆಯ ಪಕ್ಕ ಕುಳಿತು, ಪಂಚಮಿಗೆ ನಿನ್ನನ್ನು ಕರೆಯಲಿಕ್ಕೆ ಬಂದೆ ಎನ್ನಿ. ನಿಮ್ಮ ಕಾಲು ಹಿಡಿಯುತ್ತೇನೆ, ಇದೊಂದು ಸುಳ್ಳು ಹೇಳಿ.