ಮೂರು ಗೆರೆಯ ಬಂಡೆ

ಹದಿನಾಲ್ಕು, ಮಂಗಳವಾರ.

ಆ ಒಂದು ಮಾತು ಯಾಕಾದರೂ ಆಡಿದೆನೋ. ಮ್ಯೂಸಿಯಂಗೆ ಜನ ತರುವ ಕಲ್ಲುಗಳನ್ನು ನೋಡಿ ‘ಇದು ಬರೀ ಕಲ್ಲು’ ಅಂತ ವಾಪಸ್ ಕಳಿಸುವುದೇ ನನ್ನ ಕೆಲಸ. ಅಣ್ಣನ ಹಿತ್ತಲಿನ ಬಂಡೆಯ ಬಗ್ಗೆಯೂ ಹತ್ತು ಸಲ ಅದನ್ನೇ ಹೇಳಿದ್ದೆ. ಅದರ ಮೇಲಿನ ಮೂರು ಗೆರೆ ತಾನಾಗಿ ಬಿಟ್ಟ ಬಿರುಕು, ನಿಧಿಯ ಗುರುತಲ್ಲ. ಕೇಳಬೇಕಲ್ಲ! ಹೋದ ವಾರ ತಲೆ ಚಿಟ್ಟು ಹಿಡಿದು, ‘ಹೂಂ ಅಣ್ಣ, ಗುರುತೇ ಇರಬಹುದು, ಬಿಡು’ ಅಂದುಬಿಟ್ಟೆ. ಎದ್ದು ಹೋದ.

ಇವತ್ತು ಸಂಜೆ ಹೋಗಿ ನೋಡಿದರೆ, ಗೆರೆ ತೋರಿಸುವ ದಿಕ್ಕಿಗೆ ಹಗ್ಗ ಎಳೆದಿದ್ದಾನೆ. ಅದು ಹಿತ್ತಲು ದಾಟಿ ಅಡುಗೆಮನೆಯ ಗೋಡೆಗೆ ಮುಟ್ಟಿದೆ. ಗೋಡೆಯ ಬುಡದಲ್ಲಿ ಸೊಂಟದಾಳದ ಗುಂಡಿ.

‘ಅಣ್ಣ, ಅವತ್ತು ಸುಳ್ಳು ಹೇಳಿದೆ. ನಿಲ್ಲಿಸು’ ಅಂತ ಗೋಗರೆದೆ.

‘ನೀನು ಈಗ ಹೆದರ್ತಿದೀಯ ಅಂದ್ರೆ ನಾನು ಹತ್ತಿರ ಬಂದಿದೀನಿ’ ಅಂತ ಹಾರೆ ಎತ್ತಿಕೊಂಡ.

ಈಗಷ್ಟೇ ಅತ್ತಿಗೆ ಫೋನ್ ಮಾಡಿದ್ದರು. ‘ಅಡುಗೆಮನೆ ಗೋಡೆ ಮೇಲೂ ಅಂಥದ್ದೇ ಮೂರು ಗೆರೆ ಮೂಡಿವೆ ಕಣೇ. ನಿಮ್ಮಣ್ಣಂಗೆ ಖುಷಿಯೋ ಖುಷಿ. ಇನ್ನೂ ಜೋರಾಗಿ ಅಗೀತಿದಾರೆ.’

‘ಮಗೂನ ಎತ್ಕೊಂಡು ಹೊರಗೆ ಬನ್ನಿ’ ಅಂತ ಕಿರುಚಿದೆ. ಏನೋ ಸದ್ದಾಯಿತು, ಫೋನ್ ಕಟ್ಟಾಯಿತು.

ಟ್ಯಾಕ್ಸಿಗೆ ಹೇಳಿದ್ದೇನೆ. ಅದು ಬರುವವರೆಗೆ ಇದನ್ನು ಬರೆಯುತ್ತ ಕೂತಿದ್ದೇನೆ. ಅತ್ತಿಗೆಯ ಫೋನ್ ರಿಂಗ್ ಆಗುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ.